ಗೇನ್ಸ್‌ಬರೊ ಮನೆಯ ಕಿರಿಮಗಳು

ಎಮ್ಮಿಗನೂರಿನಿಂದ ಕಂಪ್ಲಿ ದಾಟಿ ಹಂಪಿಗೆ ಹೋದಾಗಲೆಲ್ಲ ವಿರೂಪಾಕ್ಷನಿಗೆ ಕೈಮುಗಿದ ಮೇಲೆ ಮಹಾರಂಗಮಂಟಪದಲ್ಲಿ ಒಂದಷ್ಟು ಹೊತ್ತು ಕತ್ತೆತ್ತಿ ನಿಲ್ಲುವುದು ನನ್ನ ರೂಢಿ. ಛತ್ತಿನ ಮೇಲೆ ಮದುವೆಯ ಸಂಭ್ರಮ. ಗಿರಿಜೆಯ ಕಲ್ಯಾಣ ಅಲ್ಲಿದೆ, ದ್ರೌಪದಿಗಾಗಿ ಮೀನಿಗೆ ಗುರಿಯಿಟ್ಟ ಅರ್ಜುನ ಇದ್ದಾನೆ, ಹೂಬಾಣ ಹೂಡಿದ ಮನ್ಮಥ ಇದ್ದಾನೆ, ಪಲ್ಲಕ್ಕಿಯಲ್ಲಿ ಹೊರಟ ವಿದ್ಯಾರಣ್ಯರೂ ಇದ್ದಾರೆ. ಇಷ್ಟೆಲ್ಲ ಬರೆದ ಕೈ ಯಾರದು ಎಂದರೆ ಹೇಳುವವರಿಲ್ಲ. ಚಿತ್ರಗಾರನ ಹೆಸರೇ ಉಳಿಯದಿದ್ದ ಮೇಲೆ ಅವನಿಗೆ ಬಣ್ಣ ಅರೆದುಕೊಟ್ಟವಳು, ಕುಂಚ ತೊಳೆದಿಟ್ಟವಳು, ಅವನು ಸತ್ತ ಮೇಲೆ ಅವನ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟು ಕಾಪಾಡಿದವಳು ಎಲ್ಲಿ ಉಳಿಯಬೇಕು?

ಇದೇ ಕಾರಣಕ್ಕೆ, ಚಿತ್ರಗಾರನೊಬ್ಬನ ಮದುವೆಯಾಗದ ಮಗಳ ಕಥೆ ಚಿತ್ರಗಳಲ್ಲೂ ಕಾಗದಗಳಲ್ಲೂ ಉಳಿದಿರುವುದು ಕಂಡಾಗ ನಾನು ಅದರ ಬೆನ್ನು ಬಿದ್ದೆ. ಊರು ನಮ್ಮದಲ್ಲ. ಕಥೆ ಮಾತ್ರ ನಮ್ಮ ಓಣಿಯಲ್ಲೇ ನಡೆದದ್ದಿರಬೇಕು ಅನ್ನಿಸುವಂಥದು.

ಅವಳ ಹೆಸರು ಮಾರ್ಗರೆಟ್ ಗೇನ್ಸ್‌ಬರೊ. ಹುಟ್ಟಿದ್ದು 1751ರಲ್ಲಿ, ಇಂಗ್ಲೆಂಡಿನ ಸಫೊಕ್ ಸೀಮೆಯ ಸಡ್‌ಬರಿ ಎಂಬ ನೇಕಾರರ ಊರಿನಲ್ಲಿ. ತಂದೆ ಥಾಮಸ್ ಗೇನ್ಸ್‌ಬರೊ. ನೀಲಿ ರೇಷ್ಮೆ ತೊಟ್ಟು ನಿಂತ ಹುಡುಗನ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಬಿಸ್ಕತ್ತಿನ ಡಬ್ಬಿಯ ಮೇಲೋ ನೋಡಿದ ನೆನಪು ನಿಮಗಿದ್ದರೆ, ಅದನ್ನು ಬರೆದವನು ಇವನೇ. ಮನೆಯಲ್ಲಿ ಮಾರ್ಗರೆಟ್‌ಳನ್ನು ಕರೆಯುತ್ತಿದ್ದದ್ದು ಪೆಗಿ ಎಂದು. ತಂದೆಗೆ ಖುಷಿಯಾದಾಗ ಅವಳು 'ಕ್ಯಾಪ್ಟನ್'. ಒಂದೂವರೆ ವರ್ಷಕ್ಕೆ ದೊಡ್ಡವಳಾದ ಅಕ್ಕ ಮೇರಿ, 'ಮೊಲ್ಲಿ'. ಇವಳಿಗಿಂತ ಮುಂಚೆ ಇನ್ನೊಂದು ಹೆಣ್ಣು ಹುಟ್ಟಿ ಎಳೆಯದರಲ್ಲೇ ತೀರಿಕೊಂಡಿತ್ತು, ಅದರ ಹೆಸರೂ ಮೇರಿ. ಹೋದ ಕೂಸಿನ ಹೆಸರನ್ನೇ ಮುಂದಿನ ಕೂಸಿಗೆ ಇಡುವುದು ನಮ್ಮಲ್ಲೂ ಉಂಟಷ್ಟೆ. ಗಂಡುಮಕ್ಕಳಾಗಲಿಲ್ಲ.

ತಾಯಿಯ ಹೆಸರೂ ಮಾರ್ಗರೆಟ್. ಅವಳು ಬೋಫರ್ಟ್ ಡ್ಯೂಕನಿಗೆ ಮದುವೆಯ ಹೊರಗೆ ಹುಟ್ಟಿದ ಮಗಳು. ಡ್ಯೂಕನ ಕಡೆಯಿಂದ ಅವಳಿಗೆ ವರ್ಷಕ್ಕೆ 200 ಪೌಂಡ್ ಬರುತ್ತಿತ್ತು. ಗೇನ್ಸ್‌ಬರೊ 1746ರಲ್ಲಿ, 19ನೆಯ ವಯಸ್ಸಿಗೆ, ಲಂಡನ್ನಿನ ಮೇಫೇರ್ ಚಾಪೆಲ್‌ನಲ್ಲಿ ಇವಳನ್ನು ಗುಟ್ಟಾಗಿ ಮದುವೆಯಾದ. ಹಿರಿಯರ ಕಣ್ಣು ತಪ್ಪಿಸಿ ಮದುವೆ ಮಾಡಿಸುವುದಕ್ಕೇ ಆ ಚಾಪೆಲ್ ಹೆಸರುವಾಸಿ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಕ್ಕಳಿಬ್ಬರನ್ನೂ ಅವನು ಮತ್ತೆ ಮತ್ತೆ ಬರೆದ. ಯಾರೂ ಕೇಳಿ ಬರೆಸಿದ್ದಲ್ಲ, ದುಡ್ಡು ಬರುವ ಕೆಲಸವೂ ಅಲ್ಲ. ಅವುಗಳಲ್ಲಿ ಮೊದಲು ಬರೆದ ಚಿತ್ರವೇ ಎಲ್ಲಕ್ಕಿಂತ ಹೆಸರಾದದ್ದು. 1756ರ ಸುಮಾರಿನದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕತ್ತಲು ಕವಿದ ಗಿಡಮರಗಳ ಮುಂದೆ ಇಬ್ಬರು ಹುಡುಗಿಯರು ಕೈ ಕೈ ಹಿಡಿದು ಓಡಿ ಬಂದಿದ್ದಾರೆ. ನಮ್ಮ ಬ್ರಹ್ಮದಂಡೆಯಂಥ ಒಂದು ಮುಳ್ಳುಗಿಡದ ಮೇಲೆ ಬಿಳಿ ಚಿಟ್ಟೆ ಕೂತಿದೆ. ಪೆಗಿ ಇನ್ನೊಂದು ಕೈಯನ್ನು ಪೂರಾ ಚಾಚಿದ್ದಾಳೆ. ಬೆರಳು ಚಿಟ್ಟೆಗೆ ಗೇಣು ದೂರದಲ್ಲಿದೆ. ಮುಳ್ಳು ಅವಳ ಲಕ್ಷ್ಯದಲ್ಲೇ ಇಲ್ಲ. ಅಕ್ಕ ಒಂದು ಹೆಜ್ಜೆ ಹಿಂದೆ ಇದ್ದಾಳೆ. ಅವಳ ಮುಖದಲ್ಲಿ ಆಸೆಗಿಂತ ಅಳುಕು ಹೆಚ್ಚು. ಚಿತ್ರ ಮುಗಿದಿಲ್ಲ. ಬಟ್ಟೆಯ ಕೆಲವು ಕಡೆ ಕುಂಚ ಬರಿಯ ಗೀಟು ಎಳೆದು ಬಿಟ್ಟುಬಿಟ್ಟಿದೆ. ನಾಲ್ಕಾರು ವರ್ಷದ ಮೇಲೆ ಬರೆದ ಇನ್ನೊಂದರಲ್ಲಿ ಅಕ್ಕ ತಂಗಿಯ ಹೆಗಲ ಮೇಲೆ ಕೈ ಹಾಕಿದ್ದಾಳೆ, ಮಡಿಲಲ್ಲಿ ಬೆಕ್ಕಿರಬೇಕಾದಲ್ಲಿ ಬೆಕ್ಕಿನ ಗೀಟುಗಳಷ್ಟೇ ಇವೆ. ಗಿರಾಕಿಗಳ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಬೇಕು, ಮನೆಮಕ್ಕಳ ಚಿತ್ರ ನಾಳೆಗಾದರೂ ಆದೀತು. ದರ್ಜಿಯ ಮಕ್ಕಳ ಅಂಗಿಗೆ ಗುಂಡಿ ಇರುವುದಿಲ್ಲ ಅನ್ನುವುದು ಇದನ್ನೇ.

1759ರಲ್ಲಿ ಸಂಸಾರ ಬಾತ್ ಪಟ್ಟಣಕ್ಕೆ ಬಂತು. ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಕಾಯಿಲೆ ಕಳೆದುಕೊಳ್ಳಲು ಬರುವ ಶ್ರೀಮಂತರ ಊರು ಅದು. ಬಂದವರಿಗೆ ಹೊತ್ತು ಹೋಗದು, ಹೊತ್ತು ಹೋಗದವರು ಚಿತ್ರ ಬರೆಸಿಕೊಳ್ಳುತ್ತಾರೆ. ಗೇನ್ಸ್‌ಬರೊನ ದರ ಏರಿತು, ಮನೆ ದೊಡ್ಡದಾಯಿತು. ಅವನ ಮನಸ್ಸಿದ್ದದ್ದು ಮಾತ್ರ ಮುಖಗಳ ಮೇಲಲ್ಲ, ಹಳ್ಳ, ಮರ, ದನದ ದಾರಿಗಳ ಮೇಲೆ. ರಾತ್ರಿ ಮೋಂಬತ್ತಿಯ ಬೆಳಕಲ್ಲಿ ಮೇಜಿನ ಮೇಲೆ ಕಲ್ಲುಚೂರು ಜೋಡಿಸಿ ಗುಡ್ಡ ಮಾಡುತ್ತಿದ್ದ. ಒಣಗಿದ ಸೊಪ್ಪುಸದೆ ನೆಟ್ಟರೆ ಮರ, ಒಡೆದ ಕನ್ನಡಿಯ ಚೂರಿಟ್ಟರೆ ನೀರು. ಆ ಆಟದ ಊರನ್ನು ನೋಡಿ ನೋಡಿ ನಿಸರ್ಗಚಿತ್ರ ಬರೆಯುತ್ತಿದ್ದ. ಇದನ್ನು ಅವನು ಸತ್ತ ಮೇಲೆ ಅವನ ಎದುರಾಳಿ ಚಿತ್ರಗಾರ ಜಾಶುವಾ ರೆನಾಲ್ಡ್ಸ್ ರಾಯಲ್ ಅಕಾಡೆಮಿಯ ಭಾಷಣದಲ್ಲಿ ನೆನೆದಿದ್ದಾನೆ. ಗೌರಿಹುಣ್ಣಿಮೆಗೆ ಸಕ್ಕರೆ ಆರತಿ ಜೋಡಿಸುವ ಮನೆಯಲ್ಲಿ ಬೆಳೆದವರಿಗೆ ಆ ಮೇಜಿನ ಸುತ್ತ ಇಬ್ಬರು ಹುಡುಗಿಯರು ಹೇಗೆ ನಿಂತಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

1764ರ ಮಾರ್ಚ್ ತಿಂಗಳಲ್ಲಿ ಅವನು ಗೆಳೆಯ ಜೇಮ್ಸ್ ಅನ್‌ವಿನ್‌ಗೆ ಒಂದು ಕಾಗದ ಬರೆದ. ಹೆಣ್ಣುಮಕ್ಕಳ ತಂದೆ ಬರೆದ ಕಾಗದಗಳಲ್ಲಿ ಇಷ್ಟು ನೇರವಾದದ್ದನ್ನು ನಾನು ಹೆಚ್ಚು ಓದಿಲ್ಲ. ಇಬ್ಬರಿಗೂ ನಿಸರ್ಗಚಿತ್ರ ಕಲಿಸುತ್ತಿದ್ದೇನೆ, ಬೀಸಣಿಗೆಯ ಮೇಲೆ ಹೂಬಳ್ಳಿ ಬಿಡಿಸುವ ಮಟ್ಟದ್ದಲ್ಲ, ಅದಕ್ಕಿಂತ ಮೇಲಿನದು, ಮುಂದೆ ಹೊಟ್ಟೆಪಾಡಿಗೆ ಬಂದೀತು ಎನ್ನುತ್ತಾನೆ. ಅವರನ್ನು ಥಳಕಿನ ಗೊಂಬೆಗಳನ್ನಾಗಿ ಮಾಡಿ, ಗಂಡನನ್ನು ಹುಡುಕುತ್ತ ಕೈಗೆ ಸಿಗದ ಹಕ್ಕಿಯ ಹಿಂದೆ ಓಡಿಸಿ ಕೊನೆಗೆ ನಿರಾಶೆಗೆ ತಳ್ಳುವುದಕ್ಕಿಂತ ಇದು ಮೇಲು ಎಂಬುದು ಅವನ ವಾದ. ಆಗ ಮೇರಿಗೆ 14, ಪೆಗಿಗೆ 12. ಅದೇ ಕಾಲದ ಚಿತ್ರವೊಂದು ಅಮೆರಿಕದ ವೂಸ್ಟರ್ ವಸ್ತುಸಂಗ್ರಹಾಲಯದಲ್ಲಿದೆ. ಅಕ್ಕತಂಗಿಯರು ಚಿತ್ರದ ಹಾಳೆಗಳನ್ನಿಟ್ಟುಕೊಂಡು ಕಲಿಯಲು ಕೂತವರ ಹಾಗೆ ಕಾಣುತ್ತಾರೆ.

ಚಿತ್ರಗಾರನ ಮಗಳು ಚಿತ್ರಗಾರ್ತಿಯಾಗುವುದು ಆ ಕಾಲಕ್ಕೆ ಆಗದ ಮಾತೇನೂ ಆಗಿರಲಿಲ್ಲ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಹುಟ್ಟಿದಾಗ ಸ್ಥಾಪಕ ಸದಸ್ಯರಲ್ಲಿ ಗೇನ್ಸ್‌ಬರೊ ಇದ್ದ, ಇಬ್ಬರು ಹೆಂಗಸರೂ ಇದ್ದರು. ಒಬ್ಬಳು ಏಂಜೆಲಿಕಾ ಕಾಫ್‌ಮನ್, ಇನ್ನೊಬ್ಬಳು ಮೇರಿ ಮೋಸರ್. ಇಬ್ಬರೂ ಕಲಾವಿದರ ಮಕ್ಕಳೇ, ತಂದೆಯ ಕೈಕೆಳಗೆ ಕಲಿತವರೇ. ಹಾಗೆಂದು ಬಾಗಿಲು ಅಗಲವಾಗಿ ತೆರೆದಿತ್ತು ಎಂದುಕೊಳ್ಳಬೇಡಿ. ಅಕಾಡೆಮಿಯವರನ್ನೆಲ್ಲ ಸೇರಿಸಿ ಜೋಹಾನ್ ಜೋಫನಿ ಬರೆದ ಗುಂಪುಚಿತ್ರದಲ್ಲಿ ಗಂಡಸರು ಬೆತ್ತಲೆ ರೂಪದರ್ಶಿಯ ಸುತ್ತ ನೆರೆದಿದ್ದಾರೆ. ಈ ಇಬ್ಬರು ಹೆಂಗಸರು ಗೋಡೆಗೆ ತೂಗುಹಾಕಿದ ಪಟಗಳಾಗಿ ಮಾತ್ರ ಕಾಣುತ್ತಾರೆ. ಅವರ ನಂತರ ಇನ್ನೊಬ್ಬ ಹೆಂಗಸು ಪೂರ್ಣ ಸದಸ್ಯೆಯಾದದ್ದು 1936ರಲ್ಲಿ.

ಪೆಗಿ ಮೂರನೆಯವಳಾಗಬಹುದಿತ್ತೇ? ಕೈಯಲ್ಲಿ ಕಸುಬು ಇತ್ತು, ಕಲಿಸುವವನು ಮನೆಯಲ್ಲೇ ಇದ್ದ. ಆದರೆ ಮನೆಯ ಗಾಳಿ ಬೇರೆ ಕಡೆ ಬೀಸುತ್ತಿತ್ತು. ತಾಯಿಗೆ ತಾನು ರಾಜವಂಶದ ರಕ್ತ ಎಂಬ ಹೆಮ್ಮೆ. ಹುಡುಗಿಯರು ಚೆಲ್ಸಿಯ ವಸತಿಶಾಲೆಯಲ್ಲಿ ಓದಿ ಬಂದರು. ಬಂದವರು ಚಹಾಕೂಟ, ನೃತ್ಯಕೂಟಗಳಿಗೆ ಹೊರಟರು. ಸಂಗೀತಗಾರ ಗೆಳೆಯ ವಿಲಿಯಂ ಜ್ಯಾಕ್ಸನ್‌ಗೆ ಬರೆದ ಒಂದು ಕಾಗದದಲ್ಲಿ ಗೇನ್ಸ್‌ಬರೊ ಹಲುಬುತ್ತಾನೆ: ಮುಖ ಬರೆದು ಬರೆದು ಸಾಕಾಗಿದೆ, ವಾದ್ಯವನ್ನು ಕಂಕುಳಲ್ಲಿಟ್ಟುಕೊಂಡು ಯಾವುದಾದರೂ ಹಳ್ಳಿಗೆ ಹೋಗಿ ಹೊಲಗದ್ದೆ ಬರೆದುಕೊಂಡು ಇದ್ದುಬಿಡೋಣ ಅನ್ನಿಸುತ್ತದೆ, ಆದರೆ ಈ ಹೆಂಗಸರ ಚಹಾ, ಕುಣಿತ, ಗಂಡು ಹುಡುಕುವ ಸಡಗರದಲ್ಲಿ ನನ್ನ ಕೊನೆಯ ಹತ್ತು ವರ್ಷ ಕೈಬಿಟ್ಟು ಹೋಗುತ್ತದೆ, ಅಷ್ಟಾದರೂ ಇವರಿಗೆ ಗಂಡು ಸಿಗದೇ ಹೋದೀತೆಂಬ ಅಂಜಿಕೆ ಬೇರೆ. 1764ರಲ್ಲಿ ಯಾವುದು ಬೇಡವೆಂದಿದ್ದನೋ ಅದೇ ಅವನ ಮನೆಯಲ್ಲಿ ನಡೆದಿತ್ತು. ಬಾಯಿಂದ ಬೈಯುತ್ತ ಕೈಯಿಂದ ದುಡ್ಡು ಕೊಡುವ ತಂದೆಯರ ಸಾಲಿನಲ್ಲಿ ಇವನೂ ಒಬ್ಬ ಎಂದು ನನಗನ್ನಿಸುತ್ತದೆ.

1771ರಲ್ಲಿ ಮೇರಿ ಮಲಗಿಬಿಟ್ಟಳು. ಜ್ವರದಂಥ ಕಾಯಿಲೆ, ಜೊತೆಗೆ ಚಿತ್ತ ಕದಡಿತು. ನೋಡಲು ಬಂದ ಡಾಕ್ಟರ್ ಮಾಯ್ಸಿ, ಇದು ಮನೆತನದಲ್ಲೇ ಬಂದದ್ದು, ಬುದ್ಧಿ ಮತ್ತೆ ಸ್ಥಿಮಿತಕ್ಕೆ ಬರುವುದು ಅನುಮಾನ ಎಂದ. ಇನ್ನೊಬ್ಬ ವೈದ್ಯ ಶೋಂಬರ್ಗ್ ಜ್ವರದ ಚಿಕಿತ್ಸೆ ಕೊಟ್ಟ, ಹುಡುಗಿ ಎದ್ದು ಕೂತಳು. ಎಲ್ಲರೂ ಮೊದಲನೆಯವನ ಮಾತನ್ನು ಮರೆತರು. ಮರೆಯುವುದು ಅನುಕೂಲವೂ ಆಗಿತ್ತು, ಮದುವೆಗೆ ಬಂದ ಹುಡುಗಿ ಅಲ್ಲವೇ.

1774ರಲ್ಲಿ ಸಂಸಾರ ಲಂಡನ್ನಿಗೆ ಹೋಯಿತು. ಪಾಲ್ ಮಾಲ್ ಬೀದಿಯ ಶೋಂಬರ್ಗ್ ಹೌಸ್ ಎಂಬ ದೊಡ್ಡ ಮನೆಯ ಒಂದು ಭಾಗ ಇವರ ಬಾಡಿಗೆಗೆ. ಗೇನ್ಸ್‌ಬರೊಗೆ ಸಂಗೀತದ ಹುಚ್ಚು, ಮನೆಗೆ ವಾದ್ಯಗಾರರ ಬರುಹೋಗು ನಿತ್ಯದ್ದು. ವಯೋಲ ದ ಗಾಂಬ ನುಡಿಸುವ ಆಬೆಲ್ ಆಪ್ತ ಗೆಳೆಯ. ಓಬೊ ಎಂಬ, ನಮ್ಮ ಶಹನಾಯಿಯ ದೂರದ ನೆಂಟನಂಥ ಊದುವಾದ್ಯದಲ್ಲಿ ಮೇಧಾವಿ ಎನಿಸಿದ ಜರ್ಮನ್ ಯೋಹಾನ್ ಕ್ರಿಶ್ಚಿಯನ್ ಫಿಶರ್ ಕೂಡ ಬರುತ್ತಿದ್ದ. ವಾದ್ಯ ಹಿಡಿದರೆ ದೇವರು, ಇಟ್ಟರೆ ಒರಟ ಎನ್ನುವ ಜಾತಿಯವನು.

ಬಾತ್‌ನಲ್ಲಿದ್ದ ಅಕ್ಕನಿಗೆ ಮನದ ಮಾತು ಬರೆಯುವುದು ಗೇನ್ಸ್‌ಬರೊನ ಅಭ್ಯಾಸ. ಈ ಅಕ್ಕ, ಮಕ್ಕಳ ಸೋದರತ್ತೆ ಗಿಬ್ಬನ್‌ಗೆ 1775ರಲ್ಲಿ ಬರೆದ ಕಾಗದದಲ್ಲಿ ಇಬ್ಬರು ಮಕ್ಕಳ ಸ್ವಭಾವವೂ ಸಿಗುತ್ತದೆ. ಪೆಗಿ ತಿಳಿವಳಿಕೆಯ ಒಳ್ಳೆಯ ಹುಡುಗಿ, ಆದರೆ ಒಮ್ಮೊಮ್ಮೆ ನನಗೇ ಎದುರಾಡುವಷ್ಟು ಸೊಕ್ಕು, ಅಷ್ಟು ದೂರದಿಂದ ಕೈ ಚಾಚಿ ಅವಳ ಕಪಾಳಕ್ಕೆ ನೀನು ಒಂದು ಕೊಡಬಲ್ಲೆಯಾ ಎಂದು ಕೇಳುತ್ತಾನೆ. ಮೇರಿ ಗುಟ್ಟಾಗಿ ಫಿಶರ್‌ಗೆ ಬರೆದ ಓಲೆ ತನ್ನ ಕಣ್ಣಿಗೆ ಬಿದ್ದದ್ದೇ ಎಲ್ಲಕ್ಕಿಂತ ನೋವಾದದ್ದು ಎಂದೂ ಹೇಳುತ್ತಾನೆ. ಸಿಟ್ಟು ತರಿಸಿದವಳು ಪೆಗಿ, ಎದೆಗೆ ಪೆಟ್ಟು ಕೊಟ್ಟವಳು ಮೇರಿ. ನನಗೆ ಕೇಳಿದರೆ, ಎದುರಾಡುವ ಮಗಳ ಮೇಲೆ ತಂದೆಗೆ ಒಳಗೊಳಗೇ ಭರವಸೆ ಇರುತ್ತದೆ.

ಓಲೆ ಸಿಕ್ಕಿದ ಮೇಲೂ ನಾಲ್ಕು ವರ್ಷ ಅದು ನಡೆದೇ ಇತ್ತು. 1780ರ ಫೆಬ್ರವರಿ 21ರಂದು ಮೇರಿ ಫಿಶರ್‌ನನ್ನು ಮದುವೆಯಾದಳು. ಅವಳಿಗೆ ಆಗ 30. ಇಪ್ಪತ್ತೊಂದು ತುಂಬಿದವರಿಗೆ ತಂದೆಯ ಒಪ್ಪಿಗೆ ಬೇಕೆಂದು ಕಾನೂನು ಕೇಳುತ್ತಿರಲಿಲ್ಲ. ಒಪ್ಪಿಗೆ ಕೇಳಿದ್ದು ಬರಿಯ ಉಪಚಾರಕ್ಕೆ, ಕೊಡದೆ ವಿಧಿಯಿರಲಿಲ್ಲ ಎಂದು ಎರಡು ದಿನದ ನಂತರ ಅವನು ಗಿಬ್ಬನ್‌ಗೆ ಬರೆಯುತ್ತಾನೆ. ಮೇಫೇರ್ ಚಾಪೆಲ್‌ನಲ್ಲಿ ತಾನು ಮಾಡಿದ್ದು ಆ ಹೊತ್ತಿಗೆ ಅವನಿಗೆ ನೆನಪಾಯಿತೋ ಇಲ್ಲವೋ. ಅದೇ ಕಾಗದದ ಕೊನೆಯಲ್ಲಿ ಪೆಗಿಯ ಮಾತು ಬರುತ್ತದೆ. ಈ ಮದುವೆಯಿಂದ ಅವಳು ಬಹಳ ನೊಂದಿದ್ದಾಳೆ, ಸಮಾಧಾನ ಮಾಡುತ್ತಿದ್ದೇನೆ ಎನ್ನುತ್ತಾನೆ.

ಯಾಕೆ ನೊಂದಳು? ಫಿಶರ್ ಮೇಲೆ ಅವಳಿಗೂ ಮನಸ್ಸಿತ್ತು ಎಂದು ಕಥೆ ಕಟ್ಟಿದವರಿದ್ದಾರೆ. ಇಬ್ಬರು ಅಕ್ಕತಂಗಿಯರು, ಒಬ್ಬ ವಾದ್ಯಗಾರ ಎಂದರೆ ಕಾದಂಬರಿಗೆ ಸಾಕಲ್ಲ. ನಾನು ಅಷ್ಟು ದೂರ ಹೋಗಲಾರೆ. ಹುಟ್ಟಿದಾಗಿನಿಂದ ಜೊತೆಗಿದ್ದ, ಕೈ ಹಿಡಿದೇ ಓಡಿದ ಅಕ್ಕ ಒಂದು ಬೆಳಿಗ್ಗೆ ಎದ್ದು ಹೋದಳು. ನೋಯಲು ಅಷ್ಟು ಸಾಲದೇ?

ಆ ವರ್ಷದ ಅಕಾಡೆಮಿಯ ಪ್ರದರ್ಶನದಲ್ಲಿ ಗೇನ್ಸ್‌ಬರೊ ಬರೆದ ಅಳಿಯನ ಆಳೆತ್ತರದ ಚಿತ್ರ ತೂಗಿತ್ತು. ಫಿಶರ್ ಕೀಲಿಮಣೆಯ ವಾದ್ಯಕ್ಕೆ ಒರಗಿ ನಿಂತಿದ್ದಾನೆ, ಅದರ ಮೇಲೆ ಅವನ ಓಬೊ, ಹಿಂದಿನ ಕುರ್ಚಿಯ ಮೇಲೆ ಪಿಟೀಲು. ಕಣ್ಣು ಎಲ್ಲೋ ಮೇಲಕ್ಕೆ ನೆಟ್ಟಿದೆ. ಎದುರಿಗೆ ಯಾರಿದ್ದಾರೆಂಬ ಪರಿವೆ ಆ ಮುಖಕ್ಕಿಲ್ಲ. ಮಾವನ ಕುಂಚ ಸುಳ್ಳು ಹೇಳಿಲ್ಲ. ಕೆಲವೇ ತಿಂಗಳಲ್ಲಿ ಮದುವೆ ಮುರಿಯಿತು, ಮೇರಿ ತವರಿಗೆ ಬಂದಳು. ಅವಳ ಚಿತ್ತ ಮತ್ತೆ ಕದಡಿತು, ಈ ಸಲ ತಿಳಿಯಾಗಲಿಲ್ಲ.

ಇಲ್ಲೊಂದು ವಿಚಿತ್ರ ಹೇಳದೆ ಮುಂದೆ ಹೋಗಲಾರೆ. 1781ರಲ್ಲಿ ಅದೇ ಶೋಂಬರ್ಗ್ ಹೌಸ್‌ನ ಪಕ್ಕದ ಭಾಗಕ್ಕೆ ಜೇಮ್ಸ್ ಗ್ರಹಾಂ ಎಂಬ ಮೋಡಿಯ ವೈದ್ಯ ಬಾಡಿಗೆಗೆ ಬಂದ. ಮಕ್ಕಳಾಗದ ದಂಪತಿಗಳಿಗೆ ಅವನಲ್ಲಿ ವಿದ್ಯುತ್ತು, ಅಯಸ್ಕಾಂತ, ಸಂಗೀತ ಎಲ್ಲ ಕೂಡಿಸಿದ 'ಸ್ವರ್ಗದ ಮಂಚ' ಇತ್ತು, ಒಂದು ರಾತ್ರಿಗೆ 50 ಪೌಂಡ್. ಗೋಡೆಯ ಆ ಕಡೆ ದಾಂಪತ್ಯಸುಖದ ಅಂಗಡಿ, ಈ ಕಡೆ ಗಂಡನ ಮನೆಯಿಂದ ಮರಳಿದ ಅಕ್ಕ ಮತ್ತು ಅವಳ ಹಿಂದೆ ಮುಂದೆ ಓಡಾಡುವ ತಂಗಿ.

1788ರ ಆಗಸ್ಟ್ 2ರಂದು ಗೇನ್ಸ್‌ಬರೊ ಕುತ್ತಿಗೆಯ ಕ್ಯಾನ್ಸರಿನಿಂದ ತೀರಿಕೊಂಡ. ಅವನ ಕಸುಬಿಗೆ ವಾರಸುದಾರನಾದವನು ಅಕ್ಕನ ಮಗ ಗೇನ್ಸ್‌ಬರೊ ಡ್ಯುಪಾಂಟ್. ಮಗಳಿಗೆ ನಿಸರ್ಗಚಿತ್ರ ಕಲಿಸಿದ್ದ ಮಾವ ಕೆಲಸಕ್ಕೆ ಕೂರಿಸಿಕೊಂಡದ್ದು ಈ ಹುಡುಗನನ್ನು. ಅವನೂ 1797ರಲ್ಲಿ ಸತ್ತ. ಮರುವರ್ಷ ತಾಯಿ ಹೋದಳು. ಉಳಿದದ್ದು ಇಬ್ಬರೇ. ಅಕ್ಕನಿಗೆ 48, ತಂಗಿಗೆ 47.

ಅಲ್ಲಿಂದ ಮುಂದೆ ಪೆಗಿಯ ಹೆಸರು ಅವಳದೇ ಕೆಲಸದಿಂದ ದಾಖಲೆಗೆ ಬರುತ್ತದೆ. 1799ರಲ್ಲಿ ಅವಳು ತಂದೆಯ ಒಂದು ದೊಡ್ಡ ನಿಸರ್ಗಚಿತ್ರವನ್ನು, ಒರತೆಯ ಬಳಿ ಕುರಿಗಳು ನೀರು ಕುಡಿಯುವ ಚಿತ್ರವನ್ನು, ರಾಯಲ್ ಅಕಾಡೆಮಿಗೆ ಕೊಟ್ಟಳು. 1808ರಲ್ಲಿ ತಂದೆಯ ಕೊನೆಯ ಸ್ವಚಿತ್ರವನ್ನೂ ಕೊಟ್ಟಳು. ಗೆಳೆಯ ಆಬೆಲ್‌ಗಾಗಿ ಅವನು ಬರೆದುಕೊಂಡದ್ದು ಅದು. ತಾನು ಸತ್ತ ಮೇಲೆ ತನ್ನ ಮುಖವನ್ನು ಅಚ್ಚು ಹಾಕುವುದಾದರೆ ಇದೊಂದನ್ನೇ ಹಾಕಬೇಕು ಎಂದು ಸಾಯುವ ಮೊದಲು ಬರೆದಿಟ್ಟಿದ್ದ. ಇವತ್ತು ನಾವು ಗೇನ್ಸ್‌ಬರೊ ಎಂದರೆ ನೆನೆಯುವ ಆ ಮುಖ, ತುಸು ದಣಿದ, ಹುಬ್ಬೆತ್ತಿದ ಮುಖ, ಅವಳ ಕೈಯಿಂದ ನಮಗೆ ಬಂದದ್ದು.

ಈ ಕೊಡುಗೆಗಳನ್ನು ಅವಳು ಕೊಡಲು ಸಾಧ್ಯವಾದದ್ದು ಹೇಗೆ ಎಂಬುದೇ ನನಗೆ ಈ ಕಥೆಯ ತಿರುಳು. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನದೆಂಬ ಚರಾಸ್ತಿ ಇಲ್ಲ. ಅವಳ ಒಡವೆ, ಹಣ, ಪಟ ಎಲ್ಲ ಗಂಡನದು. ಬೇರೆ ಇದ್ದರೂ ಅಷ್ಟೇ. ಪೂರ್ಣ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಆಗಬೇಕಿತ್ತು. ಹೆಂಡತಿಗೆ ಅವಳ ಆಸ್ತಿಯ ಮೇಲೆ ಪೂರಾ ಹಕ್ಕು ಸಿಕ್ಕಿದ್ದು 1882ರಲ್ಲಿ. ಫಿಶರ್ 1800ರವರೆಗೆ ಬದುಕಿದ್ದ, ಅಂದರೆ ಕೆಲವೇ ತಿಂಗಳು ಬಾಳಿದ ಮೇರಿ ಇಪ್ಪತ್ತು ವರ್ಷ ಅವನ ಹೆಂಡತಿಯಾಗಿಯೇ ಉಳಿದಳು. ಮದುವೆಯಾಗದ ಪೆಗಿಗೆ ಮಾತ್ರ ಆಸ್ತಿಯ ಮಾತಿನಲ್ಲಿ ಕಾನೂನಿನ ಕಣ್ಣಲ್ಲಿ ಗಂಡಸಿನಷ್ಟೇ ಬೆಲೆ. ಅವಳ ಸಹಿ ಸಹಿಯೇ. ಜನ 'ಉಳಿದುಬಿಟ್ಟಳು' ಎಂದದ್ದಕ್ಕೇ ಆ ಮನೆಯಲ್ಲಿ ಒಂದು ಸಹಿ ಉಳಿದದ್ದು.

ಬಳ್ಳಾರಿ ಸೀಮೆಯವನಾದ ನನಗೆ ಇಲ್ಲಿ ಬಸವಿಯರ ನೆನಪಾಗುತ್ತದೆ. ನಮ್ಮ ಕಡೆ ಮಗನಿಲ್ಲದ ತಂದೆ ಮಗಳನ್ನು ದೇವರ ಹೆಸರಲ್ಲಿ ಬಸವಿ ಬಿಡುತ್ತಿದ್ದ. ಅವಳಿಗೆ ಮದುವೆಯಿಲ್ಲ. ತವರಲ್ಲೇ ಇದ್ದು, ಮುಪ್ಪಿನವರನ್ನು ನೋಡಿಕೊಂಡು, ಮಣ್ಣು ಮಾಡಿ, ಮಗನ ಜಾಗದಲ್ಲಿ ಆಸ್ತಿಗೆ ನಿಲ್ಲುತ್ತಿದ್ದಳು. ಆ ಹಕ್ಕಿಗೆ ಅವಳು ತೆತ್ತ ಬೆಲೆ ಘೋರವಾದದ್ದು. 1982ರ ದೇವದಾಸಿ ನಿಷೇಧ ಕಾಯ್ದೆ ಬಂದದ್ದೇ ಅದಕ್ಕೆ. ಪೆಗಿಯ ಬದುಕನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ಆದರೂ ಮದುವೆ ಎಂಬ ಲೆಕ್ಕದಿಂದ ಹೊರಗುಳಿದ ಮಗಳಿಗೇ ಮನೆತನ ತನ್ನ ಭಾರವನ್ನೆಲ್ಲ ಹೊರಿಸಿತು, ಹಕ್ಕನ್ನೂ ಅವಳಿಗೇ ಕೊಟ್ಟಿತು ಎಂಬಲ್ಲಿ ಥೇಮ್ಸ್ ನದಿಗೂ ತುಂಗಭದ್ರೆಗೂ ಅಷ್ಟೇನೂ ದೂರವಿಲ್ಲ.

ಆ 1799 ನಮಗೂ ಮರೆಯುವ ವರ್ಷವಲ್ಲ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಕಾಲಿನ್ ಮೆಕೆಂಜಿ ಹಂಪಿಗೆ ಬಂದು ಪಾಳುಬಿದ್ದ ಪಟ್ಟಣದ ನಕ್ಷೆ ಮಾಡಿಸಿದ. ಮರುವರ್ಷ ನಿಜಾಮ ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೊ ಕಲೆಕ್ಟರಾಗಿ ಬಂದ. ದೊರೆಗಳ ಲೆಕ್ಕಪತ್ರ ಶುರುವಾದದ್ದು ಆಗ. ಲಂಡನ್ನಿನಲ್ಲಿ 1799ರ ಆರಂಭದಲ್ಲಿ ಅಕಾಡೆಮಿಯ ಜೋಸೆಫ್ ಫಾರಿಂಗ್ಟನ್ ಎಂಬ ಚಿತ್ರಗಾರ ಪೆಗಿಯನ್ನು ಮಾತಾಡಿಸಿ, ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ತಂದೆಯ ಬಗ್ಗೆ ಅವಳು ಹೊಗಳಿಕೆಯ ಮಾತನ್ನೇ ಆಡಬಹುದಿತ್ತು, ಬಂದವನು ಅದಕ್ಕೇ ಬಂದವನು. ಅವಳು ಹೇಳಿದ್ದೆಂದರೆ, ಅಪ್ಪ ಮಿತಿ ಮೀರಿ ಕುಡಿಯುತ್ತಿದ್ದ, ಕೆಲವು ಸಲ ಆಮೇಲೆ ಒಂದು ವಾರ ಕೆಲಸ ಮಾಡಲು ಆಗುತ್ತಿರಲಿಲ್ಲ. ತಂದೆ 1775ರಲ್ಲಿ ದೂರಿದ್ದ ಆ ಸೊಕ್ಕು 47ರಲ್ಲೂ ಕರಗಿರಲಿಲ್ಲ. ಅವನ ಚಿತ್ರವನ್ನು ಊರಿಗೆ ಕೊಟ್ಟಳು, ಅವನ ಸುಳ್ಳು ಪಟವನ್ನು ಕಟ್ಟಲಿಲ್ಲ.

ಕೊನೆಯ ವರ್ಷಗಳನ್ನು ಅಕ್ಕತಂಗಿಯರು ಕಳೆದದ್ದು ಲಂಡನ್ನಿನ ಪಶ್ಚಿಮಕ್ಕೆ ಆಗಿನ್ನೂ ಹಳ್ಳಿಯಾಗಿದ್ದ ಆಕ್ಟನ್‌ನಲ್ಲಿ. ವೇಲ್ಸ್‌ನ ರಾಜಕುಮಾರ ತನ್ನನ್ನು ಪ್ರೀತಿಸುತ್ತಾನೆಂಬ ಭ್ರಮೆ ಮೇರಿಯನ್ನು ಹಿಡಿದಿತ್ತು ಎನ್ನುತ್ತಾರೆ. ಊಟ, ಔಷಧ, ಬಂದವರಿಗೆ ಉತ್ತರ, ರಾತ್ರಿಯ ಕಾವಲು ಎಲ್ಲ ತಂಗಿಯದು. ನಲವತ್ತು ವರ್ಷದ ಈ ಚಾಕರಿಯ ಚಿತ್ರವನ್ನು ಯಾರೂ ಬರೆಯಲಿಲ್ಲ, ಬರೆಯುವವನು ಇರಲೂ ಇಲ್ಲ.

2018ರ ನವೆಂಬರಿನಲ್ಲಿ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ ಗೇನ್ಸ್‌ಬರೊ ತನ್ನ ಮನೆಯವರನ್ನು ಬರೆದ ಚಿತ್ರಗಳನ್ನು ಒಂದೆಡೆ ತಂದು ಪ್ರದರ್ಶನ ಮಾಡಿತು. ಚಿಟ್ಟೆಯ ಹಿಂದೆ ಓಡುವ ಹುಡುಗಿಯರಿಂದ ಶುರುವಾಗಿ ಇಬ್ಬರೂ ಹೆಂಗಸರಾಗುವವರೆಗೆ ಅಲ್ಲಿ ಬೆಳೆಯುತ್ತ ಹೋದರು. ಲಂಡನ್ನಿಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ನ್ಯಾಷನಲ್ ಗ್ಯಾಲರಿಗೆ ಹೋಗಲು ಹೇಳಿ. ದುಡ್ಡು ಕೇಳುವುದಿಲ್ಲ. ಮುಳ್ಳುಗಿಡದ ಹತ್ತಿರ ಚಾಚಿದ ಕೈಯನ್ನು ಎಲ್ಲರೂ ನೋಡುತ್ತಾರೆ. ಅಕ್ಕನನ್ನು ಹಿಡಿದುಕೊಂಡಿರುವ ಇನ್ನೊಂದು ಕೈಯನ್ನೂ ನೋಡಲು ಹೇಳಿ.

ಮಾರ್ಗರೆಟ್ 1820ರಲ್ಲಿ ತೀರಿಕೊಂಡಳು. ಅವಳು ಕಾಯುತ್ತಿದ್ದ ಅಕ್ಕ 1826ರವರೆಗೆ ಬದುಕಿದ್ದಳು.